ಬೆಕ್ಕಿಗೆ ಹಸಿ ಮಾಂಸ: ತಕ್ಕಡಿ ಇಲ್ಲದೆ ಆರಂಭಿಸಬೇಡಿ

ಮೈಸೂರಿನಲ್ಲಿ ಸಾಕುಪ್ರಾಣಿಗಳಿಗೆ ಚಿಕಿತ್ಸೆ ನೀಡುವ ನನ್ನಂಥವರ ಬಳಿಗೆ ಬೆಕ್ಕು ಸಾಕಿದವರು ತರುವ ಪ್ರಶ್ನೆಗಳು ಇತ್ತೀಚಿನ ವರ್ಷಗಳಲ್ಲಿ ಬಹಳ ಬದಲಾಗಿವೆ. ಹಿಂದೆ ಬೆಕ್ಕಿಗೆ ಏನು ಹಾಕುತ್ತೀರಿ ಎಂದು ಕೇಳಿದರೆ ಹಾಲನ್ನ, ಮೊಸರನ್ನ ಎಂಬ ಉತ್ತರ ಬರುತ್ತಿತ್ತು. ಆ ಬೆಕ್ಕು ಹಿತ್ತಲು, ಕೊಟ್ಟಿಗೆ, ಹಂಚಿನ ಮಾಡು ಸುತ್ತಿ ಇಲಿ, ಹಲ್ಲಿಗಳನ್ನು ಹಿಡಿದು ತನಗೆ ಬೇಕಾದದ್ದನ್ನು ತಾನೇ ಪೂರೈಸಿಕೊಳ್ಳುತ್ತಿದ್ದುದರಿಂದ ಮನೆಯವರು ಹಾಕಿದ ಊಟದ ಕೊರತೆ ಹೊರಗೆ ಕಾಣುತ್ತಿರಲಿಲ್ಲ. ಈಗ ಕುವೆಂಪುನಗರ, ವಿಜಯನಗರಗಳ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲಿನಿಂದ ಹೊರಗೆ ಕಾಲಿಡದ ಬೆಕ್ಕುಗಳಿವೆ, ಅವುಗಳಿಗೆ ಮನೆಯವರು ಕೊಟ್ಟಿದ್ದೇ ಆಹಾರ. ಪೊಟ್ಟಣದ ಒಣ ಆಹಾರದ ಬೆಲೆ ನೋಡಿಯೋ ಅದರ ಬಗ್ಗೆ ನಂಬಿಕೆ ಇಲ್ಲದೆಯೋ ಅನೇಕರು ಮನೆಯಲ್ಲೇ ಹಸಿ ಮಾಂಸದ ಊಟ ಸಿದ್ಧಪಡಿಸಲು ಹೊರಟಿದ್ದಾರೆ. ಅವರೆಲ್ಲರೂ ಮೊದಲು ಕೇಳುವುದು ಹಸಿಯಾಗಿ ಕೊಡಬೇಕೋ ಬೇಯಿಸಿ ಕೊಡಬೇಕೋ ಎಂದು. ನನ್ನ ಅನುಭವದಲ್ಲಿ ಅದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು, ಈ ಮಾಂಸದ ಜೊತೆಗೆ ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆ ಎಂದು.

ಬೆಕ್ಕಿಗೆ ಮಾಂಸ ಬೇಕೇ ಬೇಕು ಎಂಬುದರಲ್ಲಿ ಅನುಮಾನವಿಲ್ಲ. ನಾಯಿ ಅಥವಾ ಮನುಷ್ಯನ ದೇಹ ಮಾಡಿಕೊಳ್ಳುವ ಹಲವು ಕೆಲಸಗಳನ್ನು ಬೆಕ್ಕಿನ ದೇಹ ಮಾಡಿಕೊಳ್ಳುವುದಿಲ್ಲ. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ಅನ್ನು ಅದು ವಿಟಮಿನ್ ಎ ಆಗಿ ಪರಿವರ್ತಿಸಲಾರದು, ಬಿಸಿಲಿನಿಂದ ಸಾಕಷ್ಟು ವಿಟಮಿನ್ ಡಿ ಪಡೆಯಲಾರದು, ಅಡುಗೆ ಎಣ್ಣೆಯಿಂದ ಅರಾಕಿಡೋನಿಕ್ ಆಮ್ಲವೆಂಬ ಕೊಬ್ಬಿನಾಮ್ಲವನ್ನು ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಟೌರಿನ್ ಎಂಬ ಅಮೈನೊ ಆಮ್ಲವನ್ನಂತೂ ಸಿದ್ಧರೂಪದಲ್ಲೇ ಆಹಾರದಿಂದ ಪಡೆಯಬೇಕು. ಹಸಿ ಅಥವಾ ಬೇಯಿಸಿದ ಮಾಂಸದ ಊಟಕ್ಕೆ ಇನ್ನೊಂದು ನಿಜವಾದ ಅನುಕೂಲವಿದೆ. ಮಾಂಸದ ತೂಕದಲ್ಲಿ ಸುಮಾರು ಶೇಕಡಾ 70ರಿಂದ 75 ಭಾಗ ನೀರು, ಒಣ ಆಹಾರದಲ್ಲಿ ಶೇಕಡಾ 10ರ ಆಸುಪಾಸು. ತಾನಾಗಿ ಹೆಚ್ಚು ನೀರು ಕುಡಿಯದ ಬೆಕ್ಕಿಗೆ, ಅದರಲ್ಲೂ ಮೂತ್ರ ಕಟ್ಟಿಕೊಳ್ಳುವ ಗಂಡು ಬೆಕ್ಕಿಗೆ, ಇದು ಸಣ್ಣ ಲಾಭವಲ್ಲ. ಆದ್ದರಿಂದ ಮನೆಯ ಮಾಂಸದೂಟದ ಆಸೆಯನ್ನು ನಾನು ತಳ್ಳಿಹಾಕುವುದಿಲ್ಲ.

ಆದರೆ ಮಾಂಸ ಮತ್ತು ಬೇಟೆ ಒಂದೇ ಅಲ್ಲ. ಬೆಕ್ಕು ಇಲಿಯನ್ನು ಇಡಿಯಾಗಿ ತಿನ್ನುವಾಗ ಸ್ನಾಯುವಿನ ಜೊತೆಗೆ ಮೂಳೆ, ಯಕೃತ್ತು, ಗುಂಡಿಗೆ, ರಕ್ತ, ಅಯೋಡಿನ್ ಇರುವ ಥೈರಾಯ್ಡ್ ಗ್ರಂಥಿ ಎಲ್ಲವೂ ಹೊಟ್ಟೆಗೆ ಹೋಗುತ್ತವೆ. ಕೋಳಿಯಂಗಡಿಯವರು ಬೋನ್‌ಲೆಸ್ ಎಂದು ಕಟ್ಟಿಕೊಡುವುದರಲ್ಲಿ ಸ್ನಾಯು ಬಿಟ್ಟರೆ ಬೇರೇನೂ ಇಲ್ಲ. ನೂರು ಗ್ರಾಂ ಮೂಳೆರಹಿತ ಕೋಳಿ ಮಾಂಸದಲ್ಲಿ ರಂಜಕ, ಎಂದರೆ ಫಾಸ್ಫರಸ್, ಸುಮಾರು 200 ಮಿಲಿಗ್ರಾಂ ಇದ್ದರೆ ಕ್ಯಾಲ್ಸಿಯಂ ಇರುವುದು ಸುಮಾರು 10 ಮಿಲಿಗ್ರಾಂ ಮಾತ್ರ. ಬೆಕ್ಕಿಗೆ ಇವೆರಡೂ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ, ಕ್ಯಾಲ್ಸಿಯಂ ತುಸು ಮೇಲಾಗಿಯೇ ಬೇಕು. ಈ ಕೊರತೆಯನ್ನು ತುಂಬದಿದ್ದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಚುರುಕಾಗಿ, ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯ್ದುಕೊಳ್ಳುವುದಕ್ಕಾಗಿ ಮೂಳೆಯನ್ನು ಕರಗಿಸಲು ತೊಡಗುತ್ತವೆ. ದೊಡ್ಡ ಬೆಕ್ಕಿನ ಮೂಳೆಯಲ್ಲಿ ದಾಸ್ತಾನು ಇರುವುದರಿಂದ ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಬೆಳೆಯುವ ಮರಿಯಲ್ಲಿ ಕೆಲವೇ ವಾರ ಸಾಕು.

ಮಂಡ್ಯದಿಂದ ಒಂದು ಕುಟುಂಬ ನಾಲ್ಕು ತಿಂಗಳ ಗಂಡು ಮರಿಯೊಂದನ್ನು ಬುಟ್ಟಿಯಲ್ಲಿ ಮಲಗಿಸಿಕೊಂಡು ಬಂದಿತ್ತು. ಹಿಂಗಾಲು ಕುಂಟುತ್ತಿತ್ತು, ಸೊಂಟ ಮುಟ್ಟಿದರೆ ಕಿರುಚುತ್ತಿತ್ತು, ಕೆಲವು ದಿನಗಳಿಂದ ಮಲವಿಸರ್ಜನೆ ಆಗಿರಲಿಲ್ಲ. "ಎಲ್ಲೂ ಬಿದ್ದಿಲ್ಲ ಡಾಕ್ಟ್ರೇ, ಯಾರೂ ತುಳಿದಿಲ್ಲ. ದಿನಾ ಬೆಳಿಗ್ಗೆ ಫ್ರೆಶ್ ಕೋಳಿ ಎದೆಮಾಂಸ ತಂದು, ಒಂದು ಚೂರು ಮೂಳೆನೂ ಇಲ್ಲದ ಹಾಗೆ ನಾನೇ ಬಿಡಿಸಿ ಕೊಡ್ತೀನಿ," ಎಂದು ಆ ಮನೆಯ ತಾಯಿ ಹೇಳಿದರು. ಎಕ್ಸ್‌ರೇಯಲ್ಲಿ ಮರಿಯ ಮೂಳೆಗಳು ಸುತ್ತಲಿನ ಮಾಂಸದಿಂದ ಬೇರ್ಪಟ್ಟು ಕಾಣದಷ್ಟು ಮಸುಕಾಗಿದ್ದವು. ತೊಡೆಮೂಳೆ ಹಸಿ ಕಡ್ಡಿ ಬಾಗಿದಂತೆ ಮಡಚಿಕೊಂಡಿತ್ತು, ಸೊಂಟದ ಮೂಳೆ ಒಳಕ್ಕೆ ಕುಸಿದು ಮಲದ ದಾರಿಯನ್ನೇ ಕಿರಿದಾಗಿಸಿತ್ತು. ಅವರು ಬೇರೆ ಕಡೆ ಮಾಡಿಸಿ ತಂದಿದ್ದ ರಕ್ತಪರೀಕ್ಷೆಯ ವರದಿಯಲ್ಲಿ ಕ್ಯಾಲ್ಸಿಯಂ ನಾರ್ಮಲ್ ಎಂದೇ ಇತ್ತು. ಮೂಳೆಯನ್ನು ಕರಗಿಸಿ ರಕ್ತವನ್ನು ಸರಿಯಾಗಿಟ್ಟುಕೊಳ್ಳುವುದೇ ಈ ಕಾಯಿಲೆಯ ರೀತಿಯಾದ್ದರಿಂದ, ಆ ಒಂದು ಸಾಲನ್ನು ನೋಡಿ ಯಾರೂ ಸಮಾಧಾನ ಪಟ್ಟುಕೊಳ್ಳಬಾರದು. ಪಂಜರದಲ್ಲಿ ವಿಶ್ರಾಂತಿ, ನೋವಿಗೆ ಔಷಧ, ಮರಿಗಳಿಗೆಂದೇ ತಯಾರಾದ, ಬೇಕಾದ ಎಲ್ಲ ಪೋಷಕಾಂಶಗಳಿರುವ ಪೂರ್ಣ ಆಹಾರ, ಇಷ್ಟರಿಂದ ಮರಿ ಮತ್ತೆ ಓಡಾಡುವಂತಾಯಿತು. ಆದರೆ ಕಿರಿದಾದ ಸೊಂಟ ಹಾಗೆಯೇ ಉಳಿಯಿತು, ಮಲ ಗಟ್ಟಿಯಾಗದಂತೆ ಅದನ್ನು ಜೀವನಪೂರ್ತಿ ನೋಡಿಕೊಳ್ಳಬೇಕು. ಒಂದು ವರ್ಷ ತುಂಬದ ಮರಿಗೆ ಮನೆಯಲ್ಲಿ ಕಲಸಿದ ಊಟವನ್ನೇ ಏಕೈಕ ಆಹಾರವಾಗಿ ಕೊಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಕ್ಯಾಲ್ಸಿಯಂ ಎಂದ ಕೂಡಲೇ ಹೆಚ್ಚಿನವರು ಅಂಗಡಿಯಿಂದ ಕ್ಯಾಲ್ಸಿಯಂ ಸಿರಪ್ ತರುತ್ತಾರೆ. ದಯವಿಟ್ಟು ಬಾಟಲಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ಸಾಕುಪ್ರಾಣಿಗಳಿಗೆಂದು ಮಾರುವ ಬಹುತೇಕ ಸಿರಪ್ಪುಗಳಲ್ಲಿ ಕ್ಯಾಲ್ಸಿಯಂ ಜೊತೆಗೆ ಫಾಸ್ಫರಸ್ ಕೂಡ ಇರುತ್ತದೆ. ರಂಜಕ ಆಗಲೇ ಹೆಚ್ಚಾಗಿರುವ ಮಾಂಸದೂಟಕ್ಕೆ ಮತ್ತಷ್ಟು ರಂಜಕ ಸೇರಿಸಿದರೆ ಅನುಪಾತ ಸುಲಭವಾಗಿ ಸರಿಹೋಗುವುದಿಲ್ಲ. ಬೋನ್ ಮೀಲ್, ಎಂದರೆ ಮೂಳೆಪುಡಿ, ಮತ್ತು ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿಗಳಲ್ಲೂ ರಂಜಕ ಇರುತ್ತದೆ. ಇಲ್ಲಿ ಬೇಕಾದದ್ದು ರಂಜಕವಿಲ್ಲದ ಕ್ಯಾಲ್ಸಿಯಂ ಕಾರ್ಬೊನೇಟ್, ಅದರ ಅತ್ಯಂತ ಸುಲಭ ಮೂಲ ಕೋಳಿಮೊಟ್ಟೆಯ ಚಿಪ್ಪು. ಚಿಪ್ಪನ್ನು ತೊಳೆದು, ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಚೆನ್ನಾಗಿ ಒಣಗಿಸಿ, ಮಿಕ್ಸಿಯ ಸಣ್ಣ ಜಾರಿನಲ್ಲಿ ಬೆರಳಿಗೆ ತರಿ ಹತ್ತದಷ್ಟು ನುಣ್ಣಗೆ ಪುಡಿಮಾಡಿ ಜರಡಿ ಹಿಡಿಯಬೇಕು. ಈ ಪುಡಿಯ ತೂಕದಲ್ಲಿ ಸುಮಾರು ಶೇಕಡಾ 38 ಭಾಗ ಕ್ಯಾಲ್ಸಿಯಂ. ಒಂದು ಕಿಲೋ ಮೂಳೆರಹಿತ ಮಾಂಸಕ್ಕೆ 6 ಗ್ರಾಂ ಪುಡಿ ಹಾಕಿದರೆ ಸುಮಾರು 2.3 ಗ್ರಾಂ ಕ್ಯಾಲ್ಸಿಯಂ ದೊರೆತು, ಮಾಂಸದಲ್ಲಿರುವ ಸುಮಾರು 2 ಗ್ರಾಂ ರಂಜಕಕ್ಕೆ ಸರಿದೂಗುತ್ತದೆ. ಆರು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ. ಆದರೆ ಚಮಚ ತುಂಬುವ ಕೈ ಒಂದೊಂದು ದಿನ ಒಂದೊಂದು ತರಹ. ಗ್ರಾಂ ಲೆಕ್ಕ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿಯೊಂದನ್ನು ಮೊದಲು ಕೊಳ್ಳಿ, ಆಮೇಲೆ ಮಾಂಸ ತನ್ನಿ. ಮಾಂಸವನ್ನು ಮೂಳೆಸಮೇತ ಯಂತ್ರದಲ್ಲಿ ಅರೆಯುವವರು ಚಿಪ್ಪಿನ ಪುಡಿ ಸೇರಿಸಬಾರದು, ಸೇರಿಸಿದರೆ ಕ್ಯಾಲ್ಸಿಯಂ ವಿಪರೀತವಾಗುತ್ತದೆ.

ಎರಡನೆಯ ವಿಷಯ ಟೌರಿನ್. ಇದರ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ, ಎಂದರೆ ಕಣ್ಣಿನ ಒಳಪರದೆ, ಹಾಳಾಗುತ್ತದೆ ಎಂಬುದು 1975ರಲ್ಲಿ ಪ್ರಕಟವಾಯಿತು. ಹೃದಯದ ಸ್ನಾಯು ಹಿಗ್ಗಿ ಸೋಲುವ ಕಾಯಿಲೆಗೂ ಇದೇ ಕಾರಣ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು 1987ರಲ್ಲಿ ತೋರಿಸಿದರು. ಆ ತನಕ ಪೊಟ್ಟಣದ ಆಹಾರ ತಿಂದ ಬೆಕ್ಕುಗಳೂ ಇದರಿಂದ ಸಾಯುತ್ತಿದ್ದವು, ನಂತರವೇ ಕಂಪನಿಗಳು ಟೌರಿನ್ ಪ್ರಮಾಣವನ್ನು ಹೆಚ್ಚಿಸಿದ್ದು. ಹಸಿ ಆಹಾರದ ಪರವಾಗಿ ಮಾತನಾಡುವವರು ಫ್ರಾನ್ಸಿಸ್ ಪಾಟೆಂಜರ್ ಎಂಬ ವೈದ್ಯ 1932ರಿಂದ 1942ರವರೆಗೆ ನಡೆಸಿದ ಬೆಕ್ಕುಗಳ ಪ್ರಯೋಗವನ್ನು ಸದಾ ಉಲ್ಲೇಖಿಸುತ್ತಾರೆ. ಅದರಲ್ಲಿ ಬೇಯಿಸಿದ ಮಾಂಸ ತಿಂದ ಬೆಕ್ಕುಗಳು ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸಿದ್ದು ನಿಜ. ಆದರೆ ಟೌರಿನ್ ಬೆಕ್ಕಿಗೆ ಅನಿವಾರ್ಯ ಎಂಬುದೇ ಆಗ ಯಾರಿಗೂ ತಿಳಿದಿರಲಿಲ್ಲ. ಟೌರಿನ್ ನೀರಿನಲ್ಲಿ ಕರಗುತ್ತದೆ. ಮಾಂಸ ಬೇಯಿಸಿ ನೀರು ಬಸಿದು ಚೆಲ್ಲಿದರೆ ಅದು ನೀರಿನ ಜೊತೆ ಹೋಗುತ್ತದೆ, ಫ್ರೀಜರಿನಿಂದ ತೆಗೆದ ಮಾಂಸದ ರಸವನ್ನು ಚೆಲ್ಲಿದರೂ ಹೋಗುತ್ತದೆ. ಕೋಳಿಯ ಎದೆಮಾಂಸದಲ್ಲಿ ಇದು ಬಹಳ ಕಡಿಮೆ, ಕಾಲಿನ ಕಪ್ಪು ಮಾಂಸದಲ್ಲಿ ಅದರ ಹಲವು ಪಟ್ಟು, ಗುಂಡಿಗೆಯಲ್ಲೂ ಸಮೃದ್ಧ. ದುಬಾರಿಯಾದ ಎದೆಮಾಂಸವೇ ಶ್ರೇಷ್ಠ ಎಂಬ ನಂಬಿಕೆಯನ್ನು ಬೆಕ್ಕಿನ ವಿಷಯದಲ್ಲಿ ಬಿಡಬೇಕು. ಇಷ್ಟಾದರೂ ಒಂದು ಬೆಕ್ಕಿಗೆ ದಿನಕ್ಕೆ ಸುಮಾರು 250 ಮಿಲಿಗ್ರಾಂ ಟೌರಿನ್ ಪುಡಿಯನ್ನು ಸೇರಿಸಿಯೇ ಕೊಡಿ ಎನ್ನುತ್ತೇನೆ, ಏಕೆಂದರೆ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಕಡಿಮೆಯಾದರೆ ಹೋದ ಕಣ್ಣು ಮರಳಿ ಬರುವುದಿಲ್ಲ.

ಯಕೃತ್ತಿನ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಎಚ್ಚರ ಬೇಕು. ಕೋಳಿಯಂಗಡಿಯಲ್ಲಿ ಲಿವರ್ ಅಗ್ಗ, ಬೆಕ್ಕಿಗೆ ಅದರ ರುಚಿ ಹತ್ತಿದರೆ ಬೇರೆಯದನ್ನು ಮೂಸಿಯೂ ನೋಡುವುದಿಲ್ಲ. ಅದರಲ್ಲಿ ಹೇರಳವಾಗಿರುವ ವಿಟಮಿನ್ ಎ ದೇಹದಲ್ಲಿ ಸಂಗ್ರಹವಾಗುವುದರಿಂದ, ತಿಂಗಳುಗಟ್ಟಲೆ ಲಿವರನ್ನೇ ತಿಂದ ಬೆಕ್ಕಿನ ಕುತ್ತಿಗೆಯ ಕಶೇರುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಮೈ ನೆಕ್ಕಿಕೊಳ್ಳಲೂ ತಲೆ ತಿರುಗುವುದಿಲ್ಲ. ಕಿಲೋಗೆ 50 ಗ್ರಾಂ ಲಿವರ್ ಸಾಕು, ಅದರ ಮೇಲೆ ಕಾಡ್ ಲಿವರ್ ಎಣ್ಣೆ ಬೇಡ. ಹಸಿ ಮೀನನ್ನು ನಾನು ಒಪ್ಪುವುದೇ ಇಲ್ಲ. ಬೂತಾಯಿ ಮತ್ತು ಕೆರೆಯಲ್ಲಿ ಸಿಗುವ ಸಾಮಾನ್ಯ ಗೆಂಡೆಯಂಥ ಮೀನುಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ವಿಟಮಿನ್ ಬಿ1 ಅನ್ನು ನಾಶಮಾಡುತ್ತದೆ. ಆ ಕೊರತೆಯಾದ ಬೆಕ್ಕು ಮೊದಲು ಊಟ ಬಿಡುತ್ತದೆ, ಆಮೇಲೆ ತಲೆಯನ್ನು ಎದೆಗೆ ಬಗ್ಗಿಸಿಕೊಂಡು ತೂರಾಡುತ್ತದೆ, ಚಿಕಿತ್ಸೆ ತಡವಾದರೆ ಫಿಟ್ಸ್ ಬರುತ್ತದೆ. ಮೀನನ್ನು ಬೇಯಿಸಿದರೆ ಆ ಕಿಣ್ವ ನಿಷ್ಕ್ರಿಯವಾಗುತ್ತದೆ.

ಹೀಗೆ ಲೆಕ್ಕ ಹಾಕಿದರೆ ಒಂದು ಕಿಲೋದ ಚೌಕಟ್ಟು ಇಂತಿರುತ್ತದೆ: ಸ್ವಲ್ಪ ಚರ್ಮಸಹಿತವಾದ ಕೋಳಿಕಾಲಿನ ಮೂಳೆರಹಿತ ಮಾಂಸ 800 ಗ್ರಾಂ, ಗುಂಡಿಗೆ 150 ಗ್ರಾಂ, ಲಿವರ್ 50 ಗ್ರಾಂ, ಚಿಪ್ಪಿನ ಪುಡಿ 6 ಗ್ರಾಂ, ಟೌರಿನ್ 2 ಗ್ರಾಂ. ನಾಲ್ಕು ಕಿಲೋ ತೂಗುವ ಬೆಕ್ಕು ದಿನಕ್ಕೆ 140 ಗ್ರಾಂ ಆಸುಪಾಸು ತಿನ್ನುವುದರಿಂದ ಇದು ಒಂದು ಬೆಕ್ಕಿನ ಒಂದು ವಾರದ ಊಟ. ಆದರೆ ಇದು ಚೌಕಟ್ಟು ಮಾತ್ರ, ಪೂರ್ಣ ಆಹಾರವಲ್ಲ. ಅಯೋಡಿನ್, ಸತು, ಮ್ಯಾಂಗನೀಸ್, ವಿಟಮಿನ್ ಇ, ವಿಟಮಿನ್ ಡಿ, ಬಿ ಗುಂಪಿನ ವಿಟಮಿನ್ನುಗಳು ಇದರಲ್ಲಿ ಸಾಕಷ್ಟಿಲ್ಲ. ಒಂದು ಚಿಟಿಕೆ ಉಪ್ಪಿನಿಂದ ಬೆಕ್ಕಿಗೆ ಬೇಕಾದಷ್ಟು ಅಯೋಡಿನ್ ಸಿಗುವುದಿಲ್ಲ, ಮನುಷ್ಯರ ಮಲ್ಟಿವಿಟಮಿನ್ ಮಾತ್ರೆಯ ಪ್ರಮಾಣಗಳು ಬೆಕ್ಕಿಗೆ ಹೊಂದುವುದಿಲ್ಲ. ಮೀನೆಣ್ಣೆಯ ಕ್ಯಾಪ್ಸೂಲ್ ಕೊಡುವವರು ವಿಟಮಿನ್ ಇ ಕೊಡದಿದ್ದರೆ ದೇಹದ ಕೊಬ್ಬೇ ಉರಿಯೂತಕ್ಕೆ ಒಳಗಾಗುತ್ತದೆ. ಡೇವಿಸ್‌ನ ತಜ್ಞರು 2019ರಲ್ಲಿ ಪುಸ್ತಕ ಮತ್ತು ಅಂತರಜಾಲಗಳಿಂದ ಆರಿಸಿದ 114 ಪಾಕವಿಧಾನಗಳನ್ನು ಪರಿಶೀಲಿಸಿದಾಗ, ಬೆಕ್ಕಿಗೆ ಬೇಕಾದ ಎಲ್ಲ ಪೋಷಕಾಂಶಗಳನ್ನು ಒದಗಿಸುವ ಒಂದೂ ಅವುಗಳಲ್ಲಿ ಇರಲಿಲ್ಲ. ಆದ್ದರಿಂದ ಬೆಕ್ಕಿನ ಮಾಂಸದೂಟಕ್ಕೆಂದೇ ತಯಾರಾದ ಪೂರಕ ಮಿಶ್ರಣವನ್ನು ಅದರ ಪೊಟ್ಟಣದ ಮೇಲಿನ ಪ್ರಮಾಣದಂತೆ ಬಳಸಬೇಕು, ಇಲ್ಲವೇ ಪಶು ಆಹಾರ ತಜ್ಞರಿಂದ ನಿಮ್ಮ ಬೆಕ್ಕಿಗೆ ಲೆಕ್ಕ ಹಾಕಿಸಬೇಕು. ಅಂಥ ಮಿಶ್ರಣದಲ್ಲಿ ಕ್ಯಾಲ್ಸಿಯಂ ಮತ್ತು ಟೌರಿನ್ ಇದ್ದರೆ ನೀವು ಮತ್ತೆ ಸೇರಿಸಬೇಡಿ. ಇದೆರಡೂ ಆಗದಿದ್ದಲ್ಲಿ ಮನೆಯ ಮಾಂಸ ದಿನದ ಆಹಾರದ ಹತ್ತರಲ್ಲೊಂದು ಭಾಗವನ್ನು ಮೀರದಿರಲಿ, ಉಳಿದದ್ದು ಪೂರ್ಣ ಆಹಾರವೇ ಆಗಿರಲಿ.

ಇನ್ನು ಹಸಿಯೋ ಬೇಯಿಸಿದ್ದೋ ಎಂಬ ಪ್ರಶ್ನೆ. ಹಸಿ ಕೋಳಿ ಮಾಂಸದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ರೋಗಕಾರಕ ಬ್ಯಾಕ್ಟೀರಿಯಾಗಳಿರುವುದು ಅಪರೂಪವಲ್ಲ. ಬೆಕ್ಕು ಆರೋಗ್ಯವಾಗಿ ಕಂಡರೂ ಅದರ ಮಲದಲ್ಲಿ ಇವು ಹೊರಬೀಳುತ್ತವೆ. ಫ್ರೀಜರಿನಲ್ಲಿಟ್ಟರೆ ಎಲ್ಲ ಸತ್ತುಹೋಗುತ್ತವೆ ಎಂಬುದು ತಪ್ಪು ತಿಳಿವಳಿಕೆ. ಕೆಲವು ದಿನಗಳ ಗಟ್ಟಿ ಶೀತ ಟಾಕ್ಸೊಪ್ಲಾಸ್ಮಾದಂಥ ಪರಾವಲಂಬಿಗಳನ್ನು ಕೊಲ್ಲಬಹುದು, ಬ್ಯಾಕ್ಟೀರಿಯಾಗಳನ್ನು ತಡೆದು ನಿಲ್ಲಿಸುತ್ತದೆ ಅಷ್ಟೆ. ನಮ್ಮ ಬೇಸಿಗೆಯಲ್ಲಿ ಕರೆಂಟು ಹೋಗಿ ಮಾಂಸ ಕರಗಿ, ಕರೆಂಟು ಬಂದ ಮೇಲೆ ಮತ್ತೆ ಗಟ್ಟಿಯಾದರೆ ನೋಡುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಹಕ್ಕಿ ಜ್ವರವೂ ಈಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಅಪಾಯ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಅದು ದೃಢಪಟ್ಟು ಸುತ್ತಲಿನ ಕೋಳಿಗಳನ್ನು ಕೊಲ್ಲಬೇಕಾದದ್ದು ಇಲ್ಲಿನವರಿಗೆ ನೆನಪಿರಬಹುದು. 2024ರ ಡಿಸೆಂಬರಿನಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮನೆಯೊಳಗೇ ಇದ್ದ ಬೆಕ್ಕೊಂದು ಶೈತ್ಯೀಕರಿಸಿದ ಹಸಿ ಮಾಂಸದ ಆಹಾರದಿಂದ ಎಚ್5ಎನ್1 ಎಂಬ ಹಕ್ಕಿ ಜ್ವರದ ವೈರಸ್ ಸೋಂಕು ತಗುಲಿ ಸತ್ತಿತು. ಶೀತಕ್ಕೆ ಸಾಯದ ಈ ವೈರಸ್ ಬೇಯಿಸಿದರೆ ಸಾಯುತ್ತದೆ.

ಹೀಗಾಗಿ ನಮ್ಮೂರಿನ ಬಹುಪಾಲು ಮನೆಗಳಿಗೆ ನನ್ನ ಸಲಹೆ ಹದವಾಗಿ ಬೇಯಿಸಿದ ಮಾಂಸವೇ. ಮೂಳೆ ಪೂರ್ತಿ ಬಿಡಿಸಿದ ಮಾಂಸವನ್ನು ಸಣ್ಣಗೆ ಹೆಚ್ಚಿ, ಇಡ್ಲಿ ಪಾತ್ರೆಯಲ್ಲಿ ಬಟ್ಟಲಿಟ್ಟು ಹಬೆಯಲ್ಲಿ ಒಳಗಿನ ಕೆಂಪು ಹೋಗುವವರೆಗೆ ಬೇಯಿಸಿ. ಈರುಳ್ಳಿ, ಬೆಳ್ಳುಳ್ಳಿಗಳನ್ನು ಮುಟ್ಟಿಸಬೇಡಿ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬಟ್ಟಲಿನಲ್ಲಿ ಇಳಿದ ರಸವನ್ನೆಲ್ಲ ಮಾಂಸಕ್ಕೇ ಸೇರಿಸಿ, ಪೂರ್ತಿ ಆರಿದ ಮೇಲೆ ಚಿಪ್ಪಿನ ಪುಡಿ, ಟೌರಿನ್ ಮತ್ತು ಉಳಿದ ಪೂರಕಗಳನ್ನು ಬೆರೆಸಿ, ದಿನಕ್ಕೊಂದರಂತೆ ಏಳು ಡಬ್ಬಿಗಳಲ್ಲಿ ಹಂಚಿ ಫ್ರೀಜರಿಗಿಡಿ. ಹಿಂದಿನ ರಾತ್ರಿ ಒಂದು ಡಬ್ಬಿಯನ್ನು ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿದರೆ ಬೆಳಿಗ್ಗೆಗೆ ಸಿದ್ಧ. ಹಸಿಯಾಗಿಯೇ ಕೊಡುವೆವು ಎನ್ನುವವರು ಬೇರೆ ಮಣೆ, ಬೇರೆ ಚಾಕು ಇಟ್ಟುಕೊಳ್ಳಲಿ, ತಟ್ಟೆಯನ್ನು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನೆಲದಲ್ಲಿ ಬಿಡದಿರಲಿ. ಮನೆಯಲ್ಲಿ ಗರ್ಭಿಣಿ, ಹಸುಗೂಸು, ವೃದ್ಧರು ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೆ ಹಸಿ ಮಾಂಸದ ಮಾತೇ ಬೇಡ. ಮೂತ್ರಪಿಂಡದ ಕಾಯಿಲೆಯಿರುವ ಬೆಕ್ಕಿಗೆ ರಂಜಕವನ್ನು ಕಡಿಮೆ ಮಾಡಬೇಕಾದ್ದರಿಂದ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ, ಅದಕ್ಕೆ ವೈದ್ಯರೇ ಬೇರೆ ಆಹಾರ ಸೂಚಿಸಬೇಕು.

ಹೊಸ ಊಟಕ್ಕೆ ಬದಲಾಯಿಸುವಾಗ ಹಳೆಯದರಲ್ಲಿ ಒಂದು ಚಮಚ ಬೆರೆಸಿ ಶುರುಮಾಡಿ, ಹತ್ತು ದಿನಗಳಲ್ಲೋ ಒಂದು ತಿಂಗಳಲ್ಲೋ ಪ್ರಮಾಣವನ್ನು ಏರಿಸುತ್ತಾ ಹೋಗಿ. ಹಸಿದರೆ ತಾನೇ ತಿನ್ನುತ್ತದೆ ಎಂದು ಬೆಕ್ಕನ್ನು ಉಪವಾಸ ಕೆಡವಬೇಡಿ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನಲ್ಲಿ, ವಿಶೇಷವಾಗಿ ದಪ್ಪಗಿರುವುದರಲ್ಲಿ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಸಂಚಕಾರ ಬರುತ್ತದೆ. ಒಂದು ದಿನ ಪೂರ್ತಿ ತಟ್ಟೆ ಮುಟ್ಟದಿದ್ದರೆ ಹಳೆಯ ಆಹಾರವನ್ನೇ ಕೊಡಿ, ಅದನ್ನೂ ಬಿಟ್ಟರೆ ಅಂದೇ ಆಸ್ಪತ್ರೆಗೆ ಕರೆತನ್ನಿ. ಊಟ ಹೊಂದಿಕೊಂಡ ಮೇಲೆ ಪ್ರತಿ ತಿಂಗಳು ತೂಕ ನೋಡಿ ಬರೆದಿಡಿ, ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ. ಬರುವಾಗ ನೀವು ಬೆರೆಸುವ ಪ್ರತಿಯೊಂದು ಪುಡಿಯ ಪೊಟ್ಟಣವನ್ನೂ ಗ್ರಾಂ ಲೆಕ್ಕ ಬರೆದ ಚೀಟಿಯನ್ನೂ ಜೊತೆಗೆ ತಂದರೆ, ಕೊರತೆ ಎಲ್ಲಿದೆ ಎಂದು ಹುಡುಕುವುದು ವೈದ್ಯರಿಗೆ ಬಹಳ ಸುಲಭವಾಗುತ್ತದೆ.