ಸೊಂಟದ ಎಲುಬಿನಿಂದ ಹೊಟ್ಟೆಯ ಕೊಬ್ಬಿನವರೆಗೆ

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಡಿಕೆ ಮರಕ್ಕೆ ಮದ್ದು ಬಿಡಲು ಹತ್ತಿದವರು ಮಳೆಗಾಲದಲ್ಲಿ ಜಾರಿ ಬೀಳುವುದು ಹೊಸದಲ್ಲ. ಮುರಿದ ಎಲುಬು ಬಹುಪಾಲು ತಾನಾಗಿಯೇ ಕೂಡಿಕೊಳ್ಳುತ್ತದೆ. ಎಲುಬು ಕಟ್ಟುವ ನಾಟಿ ವೈದ್ಯರ ಹೆಸರು ಉಳಿದಿರುವುದೂ ಅರ್ಧ ಪಾಲು ಈ ಗುಣದಿಂದಲೇ. ಆದರೆ ಎಲುಬಿನ ತುಂಡೇ ನಷ್ಟವಾಗಿ ನಡುವೆ ದೊಡ್ಡ ಕಂದಕ ಉಳಿದರೆ ಯಾವ ಕಟ್ಟೂ ಅದನ್ನು ತುಂಬಲಾರದು. ಆಗ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋದ ರೋಗಿಯ ಸೊಂಟದ ಎಲುಬಿನ ಅಂಚಿನಿಂದ ಸ್ವಲ್ಪ ಕೆತ್ತಿ ಕಾಲಿಗೆ ತುಂಬುವುದು ಶಸ್ತ್ರವೈದ್ಯರ ಹಳೆಯ, ನಂಬಿಕೆಯ ದಾರಿ. ಹಾಗೆ ಗುಣವಾದ ನಮ್ಮ ನೆರೆಯವರೊಬ್ಬರಿಗೆ ಕಾಲಿನ ನೋವು ಮರೆತೇಹೋಗಿದೆ. ಸೊಂಟದಲ್ಲಿ ಬೈರಾಸು ಬಿಗಿಯುವ ಜಾಗ ಮಾತ್ರ ಈಗಲೂ ನೋಯುತ್ತದೆ.

ಸೊಂಟದಲ್ಲಿ ತೆಗೆಯಬಹುದಾದ ಎಲುಬು ಸ್ವಲ್ಪ, ತೆಗೆದ ಜಾಗದ ನೋವು ಬೇರೆ. ಹಾಗಾದರೆ ಮತ್ತೆಲ್ಲಿಂದ ತರುವುದು ಎಂಬ ಹುಡುಕಾಟವೇ ಈ ವಿಷಯದ ಚರಿತ್ರೆ. 1965ರಲ್ಲಿ ಅಮೆರಿಕದ ಮಾರ್ಷಲ್ ಯೂರಿಸ್ಟ್ ಅವರು, ಸುಣ್ಣದಂಶ ತೆಗೆದ ಎಲುಬಿನ ಚೂರನ್ನು ಪ್ರಾಣಿಗಳ ಮಾಂಸಖಂಡದಲ್ಲಿ ಹುದುಗಿಸಿಟ್ಟರೆ ಅಲ್ಲಿಯೇ ಹೊಸ ಎಲುಬು ಮೂಡುತ್ತದೆ ಎಂದು ತೋರಿಸಿದರು. ಸುಮಾರು ಅದೇ ಕಾಲಕ್ಕೆ ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಅವರು ಅಸ್ಥಿಮಜ್ಜೆಯಲ್ಲಿ ಎಲುಬು ಕಟ್ಟಬಲ್ಲ ಕೋಶಗಳಿವೆ ಎಂದು ಕಂಡುಕೊಂಡರು. ಆದರೆ ಮಜ್ಜೆಯಲ್ಲಿ ಇಂಥ ಕೋಶ ಹತ್ತು ಸಾವಿರಕ್ಕೋ ಲಕ್ಷಕ್ಕೋ ಒಂದು.

2001ರಲ್ಲಿ ಅಮೆರಿಕದಲ್ಲಿ ವಿಜ್ಞಾನಿ ಪೆಟ್ರೀಷಿಯಾ ಝುಕ್ ಮತ್ತು ಸಂಗಡಿಗರು ನೋಡಿದ್ದು, ಸೌಂದರ್ಯ ಚಿಕಿತ್ಸೆಯಲ್ಲಿ ಕೊಳವೆಯಿಂದ ಹೀರಿ ಎಸೆಯುತ್ತಿದ್ದ ಕೊಬ್ಬಿನ ಕಡೆಗೆ. ರಕ್ತ ಬೆರೆತ ಆ ಹಳದಿ ಕೊಬ್ಬನ್ನು ತೊಳೆದು, ಕೊಲಾಜಿನೇಸ್ ಎಂಬ ಕಿಣ್ವ ಬೆರೆಸಿ, ಮೈಬಿಸಿಯಷ್ಟೇ ಕಾವಿನಲ್ಲಿಟ್ಟು, ಯಂತ್ರದಲ್ಲಿ ಗರಗರನೆ ತಿರುಗಿಸಿದರೆ ಎಣ್ಣೆ ಮೇಲೆ ತೇಲುತ್ತದೆ, ತಳದಲ್ಲಿ ಕೆಂಪು ಛಾಯೆಯ ಚಿಕ್ಕ ಗಸಿ ನಿಲ್ಲುತ್ತದೆ. ಬೇಕಾದ ಕೋಶಗಳಿರುವುದು ಆ ಗಸಿಯಲ್ಲಿ. ಅವನ್ನು ಬೆಳೆಸಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮದ್ದು, ವಿಟಮಿನ್ ಸಿ ಮತ್ತು ರಂಜಕದ ಒಂದು ಲವಣ ಉಣಿಸಿದಾಗ ಕೆಲವು ವಾರಗಳಲ್ಲಿ ಪ್ರಯೋಗಶಾಲೆಯ ತಟ್ಟೆಯಲ್ಲಿ ಎಲುಬಿನಲ್ಲಿರುವಂತೆ ಕ್ಯಾಲ್ಸಿಯಂ ಕಟ್ಟಿತು.

ತಟ್ಟೆಯಲ್ಲಿ ಕಟ್ಟಿದ್ದು ದೇಹದಲ್ಲಿ ಕಟ್ಟೀತೇ? 2004ರಲ್ಲಿ ಜರ್ಮನಿಯ ವೈದ್ಯರು, ಪೆಟ್ಟಿನಿಂದ ತಲೆಬುರುಡೆಯ ಭಾಗ ಕಳೆದುಕೊಂಡಿದ್ದ 7 ವರ್ಷದ ಬಾಲಕಿಗೆ ಅವಳದೇ ಕೊಬ್ಬಿನ ಕೋಶಗಳನ್ನು ಬಳಸಿದ್ದನ್ನು ವರದಿ ಮಾಡಿದರು. ಮೂರು ತಿಂಗಳಲ್ಲಿ ಸಿ.ಟಿ. ಸ್ಕ್ಯಾನಿನಲ್ಲಿ ಹೊಸ ಎಲುಬು ಕಂಡಿತು. ಸುದ್ದಿಯಾದದ್ದು ಕೊಬ್ಬು. ಅದರೊಡನೆ ಸೊಂಟದ ಎಲುಬಿನ ಪುಡಿಯನ್ನೂ ತುಂಬಿದ್ದರು ಎಂಬುದು ಸುದ್ದಿಯ ಅಡಿಗೆ ಬಿತ್ತು. ಹಾಗಾಗಿ ಯಾವುದರ ಪಾಲೆಷ್ಟು ಎಂದು ಹೇಳಲು ಬರುವುದಿಲ್ಲ. 2009ರ ಫಿನ್ಲೆಂಡಿನ ಪ್ರಕರಣದಲ್ಲಿ ಕೋಶಗಳನ್ನು ಟೈಟಾನಿಯಂ ಪಂಜರದೊಳಗೆ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳ ಮೇಲೆ ಕೂರಿಸಿ, ಎಲುಬು ಬೆಳೆಸುವ ಪ್ರೋಟೀನ್ ಸೇರಿಸಿ, ರೋಗಿಯ ಹೊಟ್ಟೆಯ ಮಾಂಸಖಂಡದಲ್ಲಿ 8 ತಿಂಗಳು ಇರಿಸಿ, ಬಳಿಕ ಮೇಲ್ದವಡೆಗೆ ಜೋಡಿಸಿದರು. ಕೋಶಕ್ಕೆ ಹಂದರವೂ ಬೇಕು, ರಕ್ತದ ಹರಿವೂ ಬೇಕು; ಹಂದರವಿಲ್ಲದ ಬಳ್ಳಿಯಂತೆ ಅದು ಒಂಟಿಯಾಗಿ ನಿಲ್ಲದು. ಅನೇಕ ಹೋಲಿಕೆಗಳಲ್ಲಿ ಎಲುಬು ಕಟ್ಟುವುದರಲ್ಲಿ ಮಜ್ಜೆಯ ಕೋಶವೇ ಮುಂದಿದೆ. ಕೊಬ್ಬಿನ ಮೇಲುಗೈ ಅದು ಹೇರಳವಾಗಿ ಸಿಗುವುದರಲ್ಲಿ. 2016ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ತಂಡ ಹಿರಿಯರ ಭುಜದ ಮುರಿತಕ್ಕೆ ಒಂದೇ ಶಸ್ತ್ರಕ್ರಿಯೆಯಲ್ಲಿ ಕೊಬ್ಬು ತೆಗೆದು ಕೋಶ ತುಂಬಿದ್ದೂ ಉಂಟು, ಆದರೆ ರೋಗಿಗಳು 8 ಮಂದಿ ಮಾತ್ರ.

ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಇಂಥ ಕೋಶಗಳಿಗೆ ‘ಸ್ಟೆಮ್ ಸೆಲ್’ ಎನ್ನುತ್ತಾರೆ. ಆದರೆ ಇಷ್ಟರ ಮೇಲೆ ನಿಂತು ‘ಸ್ಟೆಮ್ ಸೆಲ್ ಚಿಕಿತ್ಸೆ’ ಎಂದು ಆಸ್ಪತ್ರೆಗೆ ಫಲಕ ಹಾಕುವುದು ಅವಸರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ರಕ್ತ ಉತ್ಪಾದಕ ಕೋಶಗಳ ಕಸಿಯನ್ನು, ಅದೂ ನಿಗದಿತ ಕಾಯಿಲೆಗಳಿಗೆ, ರೂಢಿಯ ಚಿಕಿತ್ಸೆಯೆಂದು ಒಪ್ಪಿತು. ಉಳಿದವು ಅನುಮತಿ ಪಡೆದ ಪ್ರಯೋಗಗಳಲ್ಲಿಯೇ ನಡೆಯಬೇಕು ಎಂದಿತು. ಪ್ರಯೋಗಕ್ಕೆ ಸೇರಿದವರಿಂದ ಅದರ ಖರ್ಚು ವಸೂಲು ಮಾಡುವಂತಿಲ್ಲ, ಒಪ್ಪಿಗೆ ಪತ್ರದ ವಿವರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಮಲಯಾಳಂ ಓದಲು ಬಾರದ ನಮ್ಮ ಕಡೆಯ ಹಿರಿಯರು ಆ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಬಹುದು. ಅದರ ಜೊತೆಗೆ ಬಿಲ್ಲೂ ಬಂದರೆ, ಸಹಿ ಹಾಕದೆ ಎದ್ದು ಬರಬಹುದು.