ಅವಸರವಿಲ್ಲದ ಬೇಟೆಗಾರ, ಅವಸರದ ವಿಷ

ಈಜಲಾರದ, ಓಡಲಾರದ ಬಸವನಹುಳುವೊಂದು ಮೀನನ್ನು ಹಿಡಿದು ನುಂಗುತ್ತದೆ ಎಂದರೆ ಕೇಳಿದವರು ನಗಬಹುದು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ಹವಳದ ದಿಬ್ಬಗಳಲ್ಲಿ ಬದುಕುವ ಕೋನಸ್ ಜಿಯಾಗ್ರಫಸ್ ಮಾಡುವುದು ಅದನ್ನೇ. ಹತ್ತು-ಹದಿನೈದು ಸೆಂಟಿಮೀಟರ್ ಉದ್ದದ ಅದರ ಚಿಪ್ಪಿನ ಮೇಲೆ ಭೂಪಟವನ್ನು ನೆನಪಿಸುವ ಕಂದು ಚಿತ್ತಾರವಿರುತ್ತದೆ.

ರಾತ್ರಿ ಬಂಡೆಯ ಸಂದಿಯಲ್ಲಿ ಸಣ್ಣ ಮೀನುಗಳು ವಿಶ್ರಮಿಸುತ್ತಿರುವಾಗ ಇದು ತೆವಳುತ್ತ ಬಂದು, ತನ್ನ ಬಾಯಿಯ ಅಂಚನ್ನು ಬಲೆಯಂತೆ ಅಗಲವಾಗಿ ಹರಡುತ್ತದೆ. ಮೀನುಗಳು ಕದಲದೆ ಅದರೊಳಗೆ ಸೇರಿಬಿಡುತ್ತವೆ. ಆಮೇಲೆ ಒಳಗಿನಿಂದ ಸೊಂಡಿಲೊಂದು ಚಾಚಿಕೊಂಡು, ಕೈಟಿನ್‌ನಿಂದಾದ (ಕೀಟಗಳ ಹೊರಕವಚದಲ್ಲಿರುವ ಗಟ್ಟಿ ವಸ್ತು) ಟೊಳ್ಳು ಹಲ್ಲನ್ನು ಈಟಿಯಂತೆ ಚುಚ್ಚಿ ವಿಷವನ್ನು ಹರಿಸುತ್ತದೆ. ಒಂದು ಹಲ್ಲು ಒಂದೇ ಬಾರಿಗೆ. ಮುಂದಿನವು ಚೀಲವೊಂದರಲ್ಲಿ ಸಿದ್ಧವಾಗಿರುತ್ತವೆ.

ಚುಚ್ಚುವ ಮೊದಲೇ ಮೀನುಗಳು ಏಕೆ ಮಂಕಾಗುತ್ತವೆ? ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಉತ್ತರ ಅನಿರೀಕ್ಷಿತವಾಗಿತ್ತು: ಈ ಹುಳುವಿನ ವಿಷದಲ್ಲಿ ಇನ್ಸುಲಿನ್ ಇದೆ. ಅದೂ ಬಸವನಹುಳುವಿನ ದೇಹಕ್ಕೆ ಬೇಕಾದ ಇನ್ಸುಲಿನ್ ಅಲ್ಲ, ಮೀನಿನ ಇನ್ಸುಲಿನ್ ಅನ್ನು ಹೋಲುವಂಥದ್ದು. ಪ್ರಯೋಗದಲ್ಲಿ ಅದನ್ನು ನೀರಿಗೆ ಸೇರಿಸಿದಾಗ ಮೀನುಗಳ ಈಜು ಕುಗ್ಗಿತು. ಚುಚ್ಚಿದಾಗ ಅವುಗಳ ರಕ್ತದ ಸಕ್ಕರೆ ಕುಸಿಯಿತು.

ಮನುಷ್ಯರಿಗೂ ಈ ಹುಳುವಿನ ಕುಟುಕು ಪ್ರಾಣಾಂತಿಕ. 1935ರಲ್ಲಿ ಆಸ್ಟ್ರೇಲಿಯಾದ ಹೇಮನ್ ದ್ವೀಪದಲ್ಲಿ ಇದನ್ನು ಕೈಯಲ್ಲಿ ಹಿಡಿದಿದ್ದ ಯುವಕನೊಬ್ಬ ಕೆಲವೇ ಗಂಟೆಗಳಲ್ಲಿ ಸತ್ತ. ಪ್ರತಿವಿಷ ಇಂದಿಗೂ ಇಲ್ಲ. ವಿಷದ ಪ್ರಭಾವ ಇಳಿಯುವವರೆಗೆ ಕೃತಕ ಉಸಿರಾಟ ಕೊಡುವುದೊಂದೇ ದಾರಿ. ಬೇಟೆಗೆ ಒಂದು ವಿಷ, ಆತ್ಮರಕ್ಷಣೆಗೆ ಇನ್ನೊಂದು ಎಂದು ಈ ಜೀವಿ ಎರಡು ಬಗೆಯ ಮಿಶ್ರಣಗಳನ್ನು ವಿಷನಾಳದ ಬೇರೆ ಬೇರೆ ಭಾಗಗಳಲ್ಲಿ ತಯಾರಿಸುತ್ತದೆ. ಚಿಪ್ಪು ಚೆಂದವಾಗಿದೆಯೆಂದು ಎತ್ತಿಕೊಂಡವನಿಗೆ ಸಿಗುವುದು ಎರಡನೆಯದು.

ಇದರ ಹತ್ತಿರದ ಬಂಧು ಕೋನಸ್ ಮ್ಯಾಗಸ್‌ನ ವಿಷದಿಂದ ಜಿಕೊನೊಟೈಡ್ ಎಂಬ ನೋವುನಿವಾರಕ ಬಂದಿದೆ. 2004ರಲ್ಲಿ ಅಮೆರಿಕದಲ್ಲಿ ಮಂಜೂರಾದ ಈ ಔಷಧವನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಹರಿಸಬೇಕಾದ್ದರಿಂದ ಅದರ ಬಳಕೆ ಸೀಮಿತ. ನನಗೆ ಇನ್ಸುಲಿನ್ನಿನ ಕಥೆಯೇ ಹೆಚ್ಚು ಸ್ವಾರಸ್ಯಕರ. ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಅಣುಗಳು ಆರಾರು ಕೂಡಿ ಗಂಟುಕಟ್ಟಿಕೊಂಡಿರುತ್ತವೆ. ಚುಚ್ಚುಮದ್ದಾಗಿ ಕೊಟ್ಟಾಗ ಆ ಗಂಟು ಬಿಚ್ಚಲು ಸಮಯ ಹಿಡಿಯುತ್ತದೆ. ಗಂಟು ಕಟ್ಟಲು ನೆರವಾಗುವ ತುದಿಯೇ ಹುಳುವಿನ ಇನ್ಸುಲಿನ್ನಿನಲ್ಲಿಲ್ಲ. ಮೀನು ತಪ್ಪಿಸಿಕೊಳ್ಳುವ ಮುನ್ನ ಕೆಲಸ ಮುಗಿಯಬೇಕಲ್ಲ! ಆ ತುದಿಯನ್ನು ಕತ್ತರಿಸಿದರೆ ಮನುಷ್ಯರ ಇನ್ಸುಲಿನ್ ಸಾಮಾನ್ಯವಾಗಿ ನಿಸ್ತೇಜವಾಗುತ್ತದೆ. ಹುಳುವಿನ ಅಣುವನ್ನು ಮಾದರಿಯಾಗಿಟ್ಟುಕೊಂಡು, ತುದಿಯಿಲ್ಲದೆಯೂ ಚುರುಕಾಗಿರುವ ಇನ್ಸುಲಿನ್ನೊಂದನ್ನು ಸಂಶೋಧಕರು 2020ರಲ್ಲಿ ರೂಪಿಸಿ ಇಲಿಗಳಲ್ಲಿ ಪರೀಕ್ಷಿಸಿದರು.