ಒಂದು ಬಕೆಟ್ ನೀರಿನ ವಿದ್ಯುತ್ ಲೆಕ್ಕ

ಬೆಂಗಳೂರಿನ ಮನೆಗಳಿಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರ ಸಾಗಿ, ಹೆಚ್ಚುಕಡಿಮೆ 500 ಮೀಟರ್ ಎತ್ತರ ಏರಿರುತ್ತದೆ. ಶಿವನಸಮುದ್ರದ ಕಡೆಯಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯವರೆಗೆ ಅದು ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಅಲ್ಲಿ ಶುದ್ಧವಾದ ಮೇಲೆ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯ ಪಂಪುಗಳು ಮೂರು ಹಂತಗಳಲ್ಲಿ ಅದನ್ನು ಮೇಲೆತ್ತುತ್ತವೆ. ನೀರು ಉಳಿಸಿದವರು ವಿದ್ಯುತ್ತನ್ನೂ ಉಳಿಸಿದಂತೆ ಎನ್ನುವುದು ಈ ಕಾರಣಕ್ಕೆ. ಎಷ್ಟು ಉಳಿಸಿದಂತೆ ಎಂಬುದನ್ನು ತಿಳಿಯಲು ಪ್ರೌಢಶಾಲೆಯ ಭೌತಶಾಸ್ತ್ರ ಸಾಕು.

ಒಂದು ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು 49 ಲಕ್ಷ ಜೂಲ್, ಅಂದರೆ ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಪಂಪಿನಲ್ಲಿ ಆಗುವ ನಷ್ಟ ಮತ್ತು ಕೊಳವೆಯೊಳಗಿನ ಘರ್ಷಣೆಯನ್ನು ಸೇರಿಸಿದರೆ ಅದನ್ನು 2 ಯೂನಿಟ್ ಎಂದು ಹಿಡಿಯಬಹುದು. ಹಾಗಾದರೆ ದಿನಕ್ಕೆ 100 ಲೀಟರ್ ಉಳಿಸುವ ಕುಟುಂಬದ ಪಾಲಿಗೆ ಬರುವುದು 0.2 ಯೂನಿಟ್. ದಿನವೂ ಐದು ಗಂಟೆ ಉರಿಯುವ 60 ವಾಟಿನ ಹಳೆಯ ಬಲ್ಬನ್ನು ತೆಗೆದು 9 ವಾಟಿನ ಎಲ್‌ಇಡಿ ಹಾಕಿದರೂ ಸರಿಸುಮಾರು ಇಷ್ಟೇ ಉಳಿಯುತ್ತದೆ. ಇದು ಸಣ್ಣ ಮೊತ್ತ, ಆದರೆ ಸೊನ್ನೆಯಲ್ಲ.

ಆದರೆ ಇಲ್ಲೊಂದು ತೊಡಕಿದೆ. ಬೇಡಿಕೆಗೆ ಸಾಲುವಷ್ಟು ನೀರಿಲ್ಲದ ನಗರದಲ್ಲಿ ಒಬ್ಬರು ಉಳಿಸಿದ ನೀರು ಮತ್ತೊಬ್ಬರ ನಲ್ಲಿಗೆ ಹೋಗುತ್ತದೆಯೇ ಹೊರತು ಪಂಪು ನಿಲ್ಲುವುದಿಲ್ಲ. ಆಗ ಲಾಭವಾಗುವುದು ವಿದ್ಯುತ್ತಿಗಿಂತ ಹೆಚ್ಚಾಗಿ ಅಂತರ್ಜಲಕ್ಕೆ, ಏಕೆಂದರೆ ಟ್ಯಾಂಕರ್ ಮತ್ತು ಕೊಳವೆಬಾವಿಯ ಮೇಲಿನ ಒತ್ತಡ ಅಷ್ಟರಮಟ್ಟಿಗೆ ಇಳಿಯುತ್ತದೆ. 2024ರ ಬೇಸಿಗೆಯಲ್ಲಿ ನಗರದ ನೀರಿನ ಅಭಾವವನ್ನು ಅನುಭವಿಸಿದ ಯಾರೂ ಇದನ್ನು ಕಡಿಮೆ ಲಾಭವೆಂದು ಹೇಳಲಾರರು.

ಬಿಸಿನೀರಿನ ಲೆಕ್ಕವೇ ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಮನೆಮಂದಿ ಮೊದಲು ಗಮನಿಸಬೇಕಾದುದು ಅದನ್ನೇ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು ಕಾವೇರಿಯಿಂದ ನಗರಕ್ಕೆ ಎತ್ತಿ ತರಲು 0.04 ಯೂನಿಟ್ ಸಾಕಾದರೆ, ಅದನ್ನೇ ಗೀಸರಿನಲ್ಲಿ 20 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 0.47 ಯೂನಿಟ್ ಬೇಕು. ಎಂದರೆ ಹತ್ತು ಪಟ್ಟಿಗೂ ಹೆಚ್ಚು. ನಿಮಿಷಕ್ಕೆ 10 ಲೀಟರ್ ಸುರಿಸುವ ಶವರಿನ ಕೆಳಗೆ ಎಂಟು ನಿಮಿಷ ನಿಂತರೆ ನಾಲ್ಕು ಬಕೆಟ್ ಬಿಸಿನೀರು, ಹತ್ತಿರ ಹತ್ತಿರ 2 ಯೂನಿಟ್ ಖರ್ಚಾಗುತ್ತದೆ. ಒಂದೇ ಬಕೆಟಿನಲ್ಲಿ ಸ್ನಾನ ಮುಗಿಸುವ ನಮ್ಮ ಹಳೆಯ ರೂಢಿಯು ಒಬ್ಬೊಬ್ಬರಿಂದ ದಿನವೂ ಸುಮಾರು 1.4 ಯೂನಿಟ್ ಉಳಿಸುತ್ತದೆ, ಅಂದರೆ ಮೇಲೆ ಹೇಳಿದ ಬಲ್ಬನ್ನು ಬದಲಿಸಿದರೆ ಸಿಗುವುದರ ಐದಾರು ಪಟ್ಟು. ತಾರಸಿಯಲ್ಲಿ ಸೋಲಾರ್ ಹೀಟರ್ ಇದ್ದರೆ ಬಿಸಿಲಿನ ದಿನಗಳಲ್ಲಿ ಈ ಖರ್ಚು ಬಹುಪಾಲು ಇಲ್ಲವಾಗುತ್ತದೆ. ಆದರೆ ಆ ಹೀಟರ್ ಅಷ್ಟೊಂದು ತಾರಸಿಗಳಿಗೆ ಏರಿದ್ದರಲ್ಲಿ ಮನೆಯವರ ಕಾಳಜಿಯ ಜೊತೆಗೆ ಕಟ್ಟಡ ನಿಯಮದ ಮತ್ತು ವಿದ್ಯುತ್ ಬಿಲ್ಲಿನ ರಿಯಾಯಿತಿಯ ಪಾತ್ರವೂ ಇತ್ತು.

ನಲ್ಲಿಯ ಬಾಯಿಗೆ ಕೂರಿಸುವ ಏರೇಟರಿನ ಕತೆಯೂ ಹಾಗೆಯೇ. ನೀರಿನೊಂದಿಗೆ ಗಾಳಿ ಬೆರೆಸಿ ಹರಿವನ್ನು ತಗ್ಗಿಸುವ ಈ ಪುಟ್ಟ ಬಿಲ್ಲೆಯನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದಿತ್ತು. ಆದರೂ ಅದು ಹೋಟೆಲು, ಕಚೇರಿಗಳ ನಲ್ಲಿಗಳಿಗೆ ದೊಡ್ಡ ಸಂಖ್ಯೆಯಲ್ಲಿ ತಲುಪಿದ್ದು 2024ರ ಮಾರ್ಚ್‌ನಲ್ಲಿ ಜಲಮಂಡಳಿ ಅದನ್ನು ಕಡ್ಡಾಯ ಮಾಡಿದ ಮೇಲೆ.

ಇನ್ನು ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ನೀರಿನ ಖರ್ಚನ್ನು ಮನೆಯ ಚದರಡಿಗೆ ತಕ್ಕಂತೆ ಹಂಚುತ್ತಾರೆ. ಅಲ್ಲಿ ಮಿತವಾಗಿ ಬಳಸಿದವರಿಗೆ ತಾವು ಉಳಿಸಿದ್ದು ಎಷ್ಟೆಂದು ಕಾಣುವ ದಾರಿಯೇ ಇಲ್ಲ. ಅಂಥವರು ಮಾಡಬಹುದಾದ ಅತ್ಯಂತ ಪರಿಣಾಮಕಾರಿ ಕೆಲಸ ತಮ್ಮ ಸ್ನಾನದ ಮನೆಯಲ್ಲಿಲ್ಲ. ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲಿ ಪ್ರತಿ ಮನೆಗೂ ಪ್ರತ್ಯೇಕ ಮೀಟರ್ ಬೇಕೆಂದು ಕೇಳುವುದರಲ್ಲಿದೆ.